ಬಾಣದ ಗುರುತು ಬರುವ ಮೊದಲು: ಮಾರೋವಿಂಡ್‌ನಿಂದ ಸ್ಕೈರಿಮ್‌ವರೆಗೆ

ಕಳೆದ ಸೆಮಿಸ್ಟರ್ ಕೊನೇ ಇಂಟರ್ನಲ್ಸ್ ಮುಗಿದ ರಾತ್ರಿ ನನಗೂ ನನ್ನ ರೂಮ್‌ಮೇಟ್‌ಗೂ ಜಗಳ ಆಯಿತು. ವಿಷಯ ಕೇಳಿದರೆ ನಗ್ತೀರ, ವಿಡಿಯೋ ಗೇಮ್. ಅವನು ಸ್ಕೈರಿಮ್ ಆಡುವವನು, ನಾನು ಮಾರೋವಿಂಡ್ ಆಡುವವನು. ಎರಡೂ ಒಂದೇ ಸರಣಿಯ ಆಟಗಳು, ಒಂದೇ ಕಂಪನಿ ಮಾಡಿದ್ದು, ನಡುವೆ ಒಂಬತ್ತು ವರ್ಷದ ಅಂತರ. ನಾನು ಎಂದಿನ ಹಾಗೆ "ಹಳೇದರಲ್ಲಿ ಇದ್ದದ್ದು ಹೊಸದರಲ್ಲಿ ಇಲ್ಲ" ಅಂತ ಶುರು ಮಾಡಿದೆ. ಅವನು ಮೊಬೈಲ್‌ನಿಂದ ತಲೆ ಎತ್ತದೇ ಹೇಳಿದ: "ಮಾರೋವಿಂಡ್ ಬಂದಾಗ ನೀನು ಹುಟ್ಟೇ ಇರಲಿಲ್ಲ. ನಿಂದು ಸಾಲ ತಂದ ನೆನಪು."

ಮಾತು ನಿಜ. ಮಾರೋವಿಂಡ್ ಬಂದದ್ದು 2002ರಲ್ಲಿ, ನಾನು ಹುಟ್ಟಿದ್ದು 2006ರಲ್ಲಿ. ಆ ವರ್ಷ ಸರಣಿಯ ಮುಂದಿನ ಆಟ ಒಬ್ಲಿವಿಯನ್ ಬಂತು, ಅಂದರೆ ಲೆಕ್ಕದ ಪ್ರಕಾರ ನಾನು ಒಬ್ಲಿವಿಯನ್ ಪೀಳಿಗೆ. ಆ ರಾತ್ರಿ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಉತ್ತರ ಹುಡುಕಿದ್ದು. (ನನ್ನದು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ವ್ಯಾಕರಣ ತಪ್ಪಿದ್ದರೆ ಕ್ಲಬ್‌ನ ಸೀನಿಯರ್‌ಗಳು ತಿದ್ದಿರುತ್ತಾರೆ, ಉಳಿದದ್ದಕ್ಕೆ ನೀವು ಕ್ಷಮಿಸಿ.)

ನಾಸ್ಟಾಲ್ಜಿಯಾ ಅನ್ನೋದಕ್ಕೆ ಕನ್ನಡದಲ್ಲಿ "ಹಳಹಳಿಕೆ" ಅಂತ ಬರೀತಾರೆ ಅಂತ ಅದೇ ಸೀನಿಯರ್ ಒಬ್ಬರು ಹೇಳಿಕೊಟ್ಟರು. ನನಗೆ ಆ ಪದ ಇಷ್ಟ ಆಯಿತು, ಅದರಲ್ಲಿ ಸ್ವಲ್ಪ ಅಳು ಇದೆ. ನನ್ನ ಪ್ರಶ್ನೆ ಇಷ್ಟೇ: ಹಳೇ ಆಟ ಚೆನ್ನಾಗಿತ್ತು ಅನ್ನೋ ಮಾತಿನಲ್ಲಿ ಎಷ್ಟು ಭಾಗ ಹಳಹಳಿಕೆ, ಎಷ್ಟು ಭಾಗ ಪರೀಕ್ಷೆ ಮಾಡಿ ತೋರಿಸಬಹುದಾದ ಸಂಗತಿ? ನಾವು ಇಂಜಿನಿಯರಿಂಗ್ ಓದುವವರು, ಎರಡನೇದನ್ನು ಬೇರೆ ಮಾಡಿ ನೋಡಬೇಕು ತಾನೇ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ, ಅಂದರೆ ನೀವು ಒಂದು ಪಾತ್ರ ಸೃಷ್ಟಿ ಮಾಡಿಕೊಂಡು, ಅದರ ಶಕ್ತಿ, ಚುರುಕು, ವಿದ್ಯೆ ಎಲ್ಲವನ್ನೂ ಅಂಕಿಗಳಲ್ಲಿ ಬೆಳೆಸಿಕೊಂಡು, ಒಂದು ಕಾಲ್ಪನಿಕ ಲೋಕದಲ್ಲಿ ಬದುಕುವ ಆಟ. ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಮೇಜಿನ ಮೇಲೆ ಆಡುತ್ತಿದ್ದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಿಂದ (1974) ಇದು ಕಂಪ್ಯೂಟರ್‌ಗೆ ಬಂತು. ನಾನು ಹೇಳುತ್ತಿರುವ ಸರಣಿ ಎಲ್ಡರ್ ಸ್ಕ್ರೋಲ್ಸ್, ಮಾಡಿದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಕಂಪನಿ. ಅರೀನಾ 1994, ಡ್ಯಾಗರ್‌ಫಾಲ್ 1996, ಮಾರೋವಿಂಡ್ 2002, ಒಬ್ಲಿವಿಯನ್ 2006, ಸ್ಕೈರಿಮ್ 2011. ಇದರಲ್ಲಿ ಸ್ಕೈರಿಮ್ ನಿಮಗೆ ಗೊತ್ತಿರುತ್ತದೆ, ಗೇಮ್ ಆಡದವರಿಗೂ ಮೀಮ್‌ಗಳಿಂದ ಗೊತ್ತಿರುತ್ತದೆ. ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂದು ಅದರ ನಿರ್ದೇಶಕ ಟಾಡ್ ಹೊವರ್ಡ್ 2023ರಲ್ಲಿ ಹೇಳಿದರು. ಮಾರೋವಿಂಡ್‌ನ ಯೋಜನಾ ನಾಯಕನೂ ಇದೇ ಟಾಡ್ ಹೊವರ್ಡ್. ಅಂದರೆ "ಹಳೇ ಜನ ಒಳ್ಳೇವರು, ಹೊಸಬರು ಹಾಳು ಮಾಡಿದರು" ಅನ್ನೋ ಸುಲಭದ ಕಥೆ ಇಲ್ಲಿ ನಡೆಯುವುದಿಲ್ಲ.

ಮಾರೋವಿಂಡ್ ನನಗೆ ಸಿಕ್ಕಿದ್ದು ದೊಡ್ಡಮ್ಮನ ಮಗನಿಂದ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅವನು ಕೆಲಸ ಸಿಕ್ಕಿ ಹೊರದೇಶಕ್ಕೆ ಹೋಗುವಾಗ ತನ್ನ ಹಳೇ ಡೆಸ್ಕ್‌ಟಾಪ್, ಒಂದು ಡಬ್ಬಿ ಸಿಡಿಗಳು ಮತ್ತು ಒಂದಿಷ್ಟು ನೋಟ್‌ಬುಕ್ ನಮ್ಮ ಮನೆಯಲ್ಲಿ ಬಿಟ್ಟುಹೋದ. ಒಂದು ನೋಟ್‌ಬುಕ್‌ನ ಮುಂದಿನ ಅರ್ಧದಲ್ಲಿ ಪಿಯುಸಿ ಫಿಸಿಕ್ಸ್. ಹಿಂದಿನಿಂದ ತಿರುಗಿಸಿದರೆ ಪೆನ್ಸಿಲ್‌ನಲ್ಲಿ ಬರೆದ ನಕ್ಷೆಗಳು, ಬಾಯಲ್ಲಿ ಹೇಳೋಕೂ ಬಾರದ ಊರಿನ ಹೆಸರುಗಳು, ಮತ್ತು ಅಡ್ಡಾದಿಡ್ಡಿ ಕನ್ನಡ: "ಕೋಟೆ ದಾಟಿದ ಮೇಲೆ ಸೇತುವೆ, ಸೇತುವೆ ಆದ ಮೇಲೆ ಬಲಗಡೆ, ಪೈಪ್ ಮರೀಬೇಡ." ನಾನಾಗ ಎಂಟನೇ ಕ್ಲಾಸ್. ಇದು ಯಾವುದೋ ಟ್ರೆಕ್ಕಿಂಗ್ ಹೋಗಿದ್ದರ ಟಿಪ್ಪಣಿ ಅಂದುಕೊಂಡಿದ್ದೆ.

ಒಬ್ಬ ಮನುಷ್ಯ ಫಿಸಿಕ್ಸ್ ನೋಟ್‌ಬುಕ್ ಹಿಂದೆ ವಿಡಿಯೋ ಗೇಮ್‌ಗೆ ದಾರಿ ಬರೆದುಕೊಳ್ಳುವ ಪರಿಸ್ಥಿತಿ ಯಾಕೆ ಬರುತ್ತದೆ? ಇದರಲ್ಲೇ ನನ್ನ ವಾದ ಎಲ್ಲಾ ಇದೆ.

ಮಾರೋವಿಂಡ್ ಶುರುವಾಗುವುದು ಒಂದು ಹಡಗಿನಲ್ಲಿ. ನೀವು ಕೈದಿ. ಸೇಡಾ ನೀನ್ ಅನ್ನುವ ಕೊಚ್ಚೆ ಬಂದರಿನಲ್ಲಿ ಇಳಿಸುತ್ತಾರೆ, ಕಾಗದಪತ್ರ ಮಾಡುತ್ತಾರೆ, ಒಂದು ಪೊಟ್ಟಣ ಕೊಟ್ಟು ಬಾಲ್ಮೋರಾ ಊರಿನಲ್ಲಿರುವ ಕಾಯಸ್ ಕೋಸಾಡಿಸ್ ಎಂಬುವನಿಗೆ ತಲುಪಿಸು ಅಂತ ಹೇಳಿ ಬಾಗಿಲು ತೆಗೆಯುತ್ತಾರೆ. ಅಷ್ಟೇ. ಪರದೆಯ ಮೇಲೆ ಬಾಣ ಇಲ್ಲ, ಮಿನುಗುವ ಚುಕ್ಕೆ ಇಲ್ಲ. ಬಾಲ್ಮೋರಾ ಎಲ್ಲಿದೆ ಅಂತ ಜನರನ್ನು ಕೇಳಬೇಕು. ಊರಾಚೆ ದಿಬ್ಬದ ಮೇಲೆ ಸಿಲ್ಟ್ ಸ್ಟ್ರೈಡರ್ ಅನ್ನುವ, ಮನೆಗಿಂತ ಎತ್ತರದ ಹುಳುವೊಂದು ನಿಂತಿರುತ್ತದೆ, ಆ ಲೋಕದ ಬಸ್ಸು ಅದು. ದುಡ್ಡು ಕೊಟ್ಟರೆ ಬಾಲ್ಮೋರಾಗೆ ಬಿಡುತ್ತದೆ. ದುಡ್ಡು ಉಳಿಸಬೇಕು ಅಂದರೆ ನಡೆಯಬೇಕು.

ಕಷ್ಟಪಟ್ಟು ಕಾಯಸ್‌ನನ್ನು ಹುಡುಕಿದರೆ ಅವನು ಏನು ಮಾಡುತ್ತಾನೆ ಗೊತ್ತಾ? ಕೈಗೆ 200 ಚಿನ್ನದ ನಾಣ್ಯ ಕೊಟ್ಟು, ನೀನಿನ್ನೂ ಹಸಿ, ಹೋಗಿ ಯಾವುದಾದರೂ ಸಂಘ ಸೇರು, ಸ್ವಲ್ಪ ದುಡಿ, ಊರು ನೋಡು, ಆಮೇಲೆ ಬಾ ಅನ್ನುತ್ತಾನೆ. ಮುಖ್ಯ ಕಥೆಯೇ ನಿಮ್ಮನ್ನು ಆಚೆ ಕಳಿಸುತ್ತದೆ! ಲೋಕವನ್ನು ಉಳಿಸುವ ತುರ್ತು ಯಾರಿಗೂ ಇದ್ದಂತೆ ಕಾಣುವುದಿಲ್ಲ.

ವಾಪಸ್ ಬಂದಮೇಲೆ ಅವನು ಕೊಡುವ ಮೊದಲ ಕೆಲಸ, ಹಾಸ್ಫಾಟ್ ಅನ್ನುವವನನ್ನು ಭೇಟಿ ಮಾಡುವುದು. ಹಾಸ್ಫಾಟ್ ತನಗೆ ಆರ್ಕಂಗ್ತಾಂಡ್ ಎಂಬ ಪಾಳು ಜಾಗದಿಂದ ಒಂದು ಪೆಟ್ಟಿಗೆ ಬೇಕು ಅನ್ನುತ್ತಾನೆ. ಎಲ್ಲಿದೆ ಅಂತ ಕೇಳಿದರೆ ದಾರಿ ಹೇಳುತ್ತಾನೆ, ನಮ್ಮ ಊರುಗಳ ಕಡೆ ಹೇಳುವ ಹಾಗೇ. ಬಾಲ್ಮೋರಾದಿಂದ ದಕ್ಷಿಣಕ್ಕೆ ಹೊರಡು, ಮೂನ್‌ಮಾತ್ ಕೋಟೆ ದಾಟು, ಲಾವಾ ಹರಿದು ಆದ ಕಂದರಕ್ಕೆ ಹಳೇ ಸೇತುವೆ ಇದೆ, ಅದರ ಆಚೆ ಆ ಜಾಗ. ಜೊತೆಗೆ ಇನ್ನೊಂದು ಸಣ್ಣ ಮಾತು: ಬಾಗಿಲು ತಳ್ಳಿದರೆ ತೆಗೆಯುವುದಿಲ್ಲ, ಹತ್ತಿರದಲ್ಲೇ ಪೈಪಿನ ಮೇಲೆ ಒಂದು ಹಿಡಿ ಇದೆ, ಅದನ್ನು ತಿರುಗಿಸಬೇಕು.

"ಪೈಪ್ ಮರೀಬೇಡ." ಅಣ್ಣನ ಟಿಪ್ಪಣಿ ಅರ್ಥವಾದದ್ದು ಆಗ. ಅಲ್ಲಿ ನಿಂತು ಬಾಗಿಲನ್ನು ಹತ್ತು ಸಲ ಒತ್ತಿ, ಗೇಮ್ ಹ್ಯಾಂಗ್ ಆಗಿದೆ ಅಂದುಕೊಂಡು, ಸಿಸ್ಟಂ ರೀಸ್ಟಾರ್ಟ್ ಮಾಡಿ, ಆಮೇಲೆ ಆಟದೊಳಗಿನ ಡೈರಿ ತೆಗೆದು ಓದಿದವನು ನಾನು. ಆ ಡೈರಿಯೂ ಮೊದಲ ಆವೃತ್ತಿಯಲ್ಲಿ ನಿಜವಾದ ಡೈರಿಯೇ. ಯಾವ ಕೆಲಸಕ್ಕೆ ಯಾವ ಟಿಪ್ಪಣಿ ಅಂತ ವಿಂಗಡಣೆ ಇಲ್ಲ, ದಿನಾಂಕದ ಪ್ರಕಾರ ಎಲ್ಲಾ ಒಂದರ ಮೇಲೊಂದು. ಕೆಲಸದ ಪ್ರಕಾರ ವಿಂಗಡಿಸುವ ಸೌಲಭ್ಯ ಬಂದದ್ದು ಅದೇ ವರ್ಷ ಬಂದ ಟ್ರೈಬ್ಯೂನಲ್ ಅನ್ನುವ ವಿಸ್ತರಣೆಯಲ್ಲಿ. ಅಣ್ಣನ ನೋಟ್‌ಬುಕ್ ಆ ಕೊರತೆಗೆ ಅವನೇ ಕಂಡುಕೊಂಡ ಪರಿಹಾರ.

ಇಲ್ಲಿ ನನ್ನದೊಂದು ನಾಚಿಕೆ ಹೇಳಿಬಿಡುತ್ತೇನೆ. ಆಟದವರು ಹೇಳುವುದು ಪೂರ್ವ, ಪಶ್ಚಿಮ ಅಂತ. ನನಗೆ ನಮ್ಮ ಮನೆಯಲ್ಲೇ ಪೂರ್ವ ಯಾವ ಕಡೆ ಅಂತ ಗೊತ್ತಿರಲಿಲ್ಲ. ಅಜ್ಜಿ "ಮೂಡಲ ಕಡೆ ಬಾಗಿಲು ಹಾಕು" ಅಂದರೆ ಯಾವ ಬಾಗಿಲು ಅಂತ ಅಮ್ಮನ ಮುಖ ನೋಡುತ್ತಿದ್ದೆ. ದಾರಿಯನ್ನು ನೀಲಿ ಗೆರೆಯಲ್ಲಿ ನೋಡಿ ಬೆಳೆದವರು ನಾವು. ಮಾತಿನಲ್ಲಿ ಹೇಳಿದ ದಾರಿಯನ್ನು ತಲೆಯಲ್ಲಿ ಚಿತ್ರ ಮಾಡಿಕೊಂಡು ನಡೆಯುವುದನ್ನು ನಾನು ಕಲಿತದ್ದು ಈ ಆಟದಲ್ಲಿ.

ಸರಿ, ಜಗಳಕ್ಕೆ ಬರೋಣ. ನನ್ನ ರೂಮ್‌ಮೇಟ್ ಹೇಳಿದ್ದು: "ಬಾಣ ಬೇಡ ಅಂದರೆ ಆಫ್ ಮಾಡಿಕೋ. ಅದೊಂದು ಸೆಟಿಂಗ್ ಅಷ್ಟೇ, ಅದಕ್ಕೆ ಇಷ್ಟು ಅಳಬೇಕಾ?" ಒಳ್ಳೆಯ ಪ್ರಶ್ನೆ, ಯಾಕಂದರೆ ಪರೀಕ್ಷೆ ಮಾಡಬಹುದು. ಸ್ಕೈರಿಮ್‌ನಲ್ಲಿ ಕೆಲಸಗಳ ಪಟ್ಟಿಯಲ್ಲಿ ಒಂದನ್ನು ನಿಷ್ಕ್ರಿಯ ಮಾಡಿದರೆ ಅದರ ಗುರುತು ದಿಕ್ಸೂಚಿಯಿಂದ ಹೋಗುತ್ತದೆ. ಇಬ್ಬರೂ ಕೂತು ನಿಯಮ ಮಾಡಿಕೊಂಡೆವು. ಹೊಸ ಪಾತ್ರ, ಗುರುತು ಆಫ್, ಮ್ಯಾಪ್ ತೆರೆಯುವಂತಿಲ್ಲ, ಮೊಬೈಲ್‌ನಲ್ಲಿ ಹುಡುಕುವಂತಿಲ್ಲ. ಜನ ಹೇಳಿದ್ದು ಕೇಳಿಕೊಂಡು ಹೋಗಬೇಕು.

ಮೊದಲ ಸುತ್ತು ಅವನು ಗೆದ್ದ. ರಿವರ್‌ವುಡ್ ಅನ್ನುವ ಹಳ್ಳಿಯ ಅಂಗಡಿಯಲ್ಲಿ ಕಳುವಾದ ಚಿನ್ನದ ಪಂಜಾ ತಂದುಕೊಡುವ ಕೆಲಸ. ಅಂಗಡಿಯವನ ತಂಗಿ ಕ್ಯಾಮಿಲಾ ತಾನೇ ಸೇತುವೆವರೆಗೆ ನಡೆದುಬಂದು, ಬೆಟ್ಟದ ದಾರಿ ತೋರಿಸಿ ಹೋಗುತ್ತಾಳೆ. ತಲೆ ಎತ್ತಿದರೆ ಬ್ಲೀಕ್ ಫಾಲ್ಸ್ ಬ್ಯಾರೋ ಬೆಟ್ಟದ ಮೇಲೆ ಕಲ್ಲಿನ ಕಮಾನುಗಳಾಗಿ ಎದುರಿಗೇ ಕಾಣುತ್ತದೆ. ಬಾಣವೇ ಬೇಕಿಲ್ಲ. ಬಹಳ ಚೆನ್ನಾಗಿ ಮಾಡಿದ ಜಾಗ, ನಾನು ಒಪ್ಪಿಕೊಂಡೆ. ಅಲ್ಲಿಂದ ವೈಟ್‌ರನ್ ನಗರಕ್ಕೆ ಹೋಗುವುದೂ ಕಷ್ಟವಾಗಲಿಲ್ಲ, ಕೂಡುರಸ್ತೆಗಳಲ್ಲಿ ಊರ ಹೆಸರಿನ ಕಂಬಗಳಿವೆ.

ಎರಡನೇ ಸುತ್ತಿನಲ್ಲಿ ವೈಟ್‌ರನ್‌ನ ಹೋಟೆಲಿನಾಕೆಯ ಹತ್ತಿರ ಡಕಾಯಿತರ ಮುಖಂಡನನ್ನು ಹಿಡಿಯುವ ಕೆಲಸ ತಗೊಂಡ. ಒಂದು ಪತ್ರ ಕೊಟ್ಟಳು. ಪತ್ರದಲ್ಲಿ ಜಾಗದ ಹೆಸರಿದೆ. ಆ ಜಾಗ ಉತ್ತರಕ್ಕೋ ದಕ್ಷಿಣಕ್ಕೋ, ನದಿ ದಾಟಬೇಕೋ ಬೇಡವೋ, ಒಂದಕ್ಷರ ಇಲ್ಲ. ಊರಲ್ಲಿ ಯಾರನ್ನು ಕೇಳೋಣ? ಕೇಳೋಕೆ ಆಟದಲ್ಲಿ ಅವಕಾಶವೇ ಇಲ್ಲ. ಮಾತಾಡಿಸಿದರೆ ಅವರವರ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ನಲವತ್ತು ನಿಮಿಷ ಸುತ್ತಾಡಿ, ಒಂದು ದೈತ್ಯನ ಕೈಲಿ ಸತ್ತು, ಅವನು ಗುರುತು ಆನ್ ಮಾಡಿದ.

ಬಾಣವನ್ನು ಆಫ್ ಮಾಡಬಹುದು ನಿಜ, ಆದರೆ ಬಾಣ ಇದೆ ಎಂದು ನಂಬಿಕೊಂಡು ಬರೆದ ಸಂಭಾಷಣೆಯನ್ನು ಆಫ್ ಮಾಡಲು ಆಗುವುದಿಲ್ಲ. ಮಾರೋವಿಂಡ್‌ನಲ್ಲಿ ದಾರಿ ಮಾತಿನೊಳಗೆ ಇತ್ತು. ಸ್ಕೈರಿಮ್‌ನಲ್ಲಿ ದಾರಿ ಮಾತಿನಿಂದ ಹೊರಗೆ ಬಂದು ಬಾಣದೊಳಗೆ ಸೇರಿದೆ. ಬಾಣ ಕಿತ್ತರೆ ದಾರಿಯೂ ಕಿತ್ತುಹೋಗುತ್ತದೆ. ಇದು ಸೆಟಿಂಗ್ ಅಲ್ಲ, ಆರ್ಕಿಟೆಕ್ಚರ್. ಇದಕ್ಕೆ ನಾನು 2002ರಲ್ಲಿ ಹುಟ್ಟಿರಬೇಕು ಅಂತೇನೂ ಇಲ್ಲ, ಯಾರು ಬೇಕಾದರೂ ಒಂದು ಸಂಜೆ ಕೂತು ಮಾಡಿ ನೋಡಬಹುದು.

ಹೀಗೆ ಯಾಕಾಯಿತು ಅನ್ನುವುದು ನನಗೆ ಇನ್ನೂ ಆಸಕ್ತಿಯ ವಿಷಯ. ಸಾಮಾನ್ಯವಾಗಿ ಹಳೇ ಅಭಿಮಾನಿಗಳು "ಹೊಸ ಹುಡುಗರಿಗೆ ಓದೋಕೆ ಸೋಮಾರಿತನ, ಅದಕ್ಕೇ ಸುಲಭ ಮಾಡಿದರು" ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ನಿರ್ಧಾರ ಇನ್ನೊಂದನ್ನು ಎಳೆದುಕೊಂಡು ಬಂದಿದೆ, ಮೆಕ್ಯಾನಿಕ್ಸ್ ಕ್ಲಾಸಿನ ಪುಲ್ಲಿಗಳ ಹಾಗೆ.

ಮೊದಲ ಪುಲ್ಲಿ ಧ್ವನಿ. ಮಾರೋವಿಂಡ್‌ನಲ್ಲಿ ಜನ ಬಾಯಿಬಿಟ್ಟು ಹೇಳುವುದು ನಮಸ್ಕಾರ, ಬೈಗುಳ, ಅಷ್ಟೇ. ಮಿಕ್ಕದ್ದೆಲ್ಲಾ ಪಠ್ಯ, ಅದರೊಳಗೆ ವೆಬ್‌ಪುಟದ ಲಿಂಕ್‌ಗಳ ಹಾಗೆ ನೀಲಿ ಪದಗಳು. ಪಠ್ಯ ಅಗ್ಗ. ಬರಹಗಾರ ಸಂಜೆ ಕೂತು ಒಂದು ಪ್ಯಾರಾ ಸೇರಿಸಬಹುದು. ಕೋಟೆಯನ್ನು ನಕ್ಷೆಯಲ್ಲಿ ಸ್ವಲ್ಪ ಸರಿಸಿದರೆ "ದಕ್ಷಿಣ" ಅನ್ನುವುದನ್ನು "ಪೂರ್ವ" ಅಂತ ತಿದ್ದಿದರಾಯಿತು. ಒಬ್ಲಿವಿಯನ್‌ನಲ್ಲಿ ಪ್ರತಿಯೊಂದು ಮಾತನ್ನೂ ನಟರು ಆಡುತ್ತಾರೆ. ಚಕ್ರವರ್ತಿಯ ಧ್ವನಿ ಪ್ಯಾಟ್ರಿಕ್ ಸ್ಟುವರ್ಟ್, ಅವನ ಮಗನದು ಶಾನ್ ಬೀನ್. ಕೇಳೋಕೆ ಭರ್ಜರಿ. ಆದರೆ ಈಗ ಪ್ರತಿ ವಾಕ್ಯಕ್ಕೂ ಸ್ಟುಡಿಯೋ, ನಟ, ಡಿಸ್ಕ್‌ನಲ್ಲಿ ಜಾಗ ಬೇಕು. ಉದ್ದದ ದಾರಿ ವಿವರಣೆಗಳು ಮೊದಲು ಕತ್ತರಿಗೆ ಸಿಗುತ್ತವೆ. ಒಮ್ಮೆ ರೆಕಾರ್ಡ್ ಆದಮೇಲೆ ಕೋಟೆ ಸರಿಸಿದರೆ ಮಾತು ಸುಳ್ಳಾಗುತ್ತದೆ. ಹಾಗಾಗಿ ಮಾತಿನಲ್ಲಿ ದಿಕ್ಕು ಹೇಳದಿರುವುದೇ ಕ್ಷೇಮ. ದಿಕ್ಕು ಹೇಳದಿದ್ದರೆ ಆಟಗಾರ ಎಲ್ಲಿಗೆ ಹೋಗಬೇಕು? ಬಾಣ ಹಾಕಿ.

ಬಾಣ ಬಂದಮೇಲೆ ಸ್ಕೈರಿಮ್‌ನಲ್ಲಿ ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟಿದರು, ರೇಡಿಯಂಟ್ ಅಂತ ಒಂದು ವ್ಯವಸ್ಥೆ. ಡಕಾಯಿತರು ಯಾವ ಗುಹೆಯಲ್ಲಿದ್ದಾರೆ ಅಂತ ಕಂಪ್ಯೂಟರೇ ಆ ಹೊತ್ತಿಗೆ ಆಯ್ಕೆ ಮಾಡುತ್ತದೆ. ಕೆಲಸಗಳು ಮುಗಿಯುವುದೇ ಇಲ್ಲ. ಒಂದು ಲೆಕ್ಕಕ್ಕೆ ಜಾಣತನ. ಆದರೆ ರೆಕಾರ್ಡ್ ಮಾಡಿದ ಒಂದೇ ವಾಕ್ಯ ಎಲ್ಲಾ ಗುಹೆಗೂ ಹೊಂದಬೇಕಲ್ಲ? ಹಾಗಾದರೆ ಆ ವಾಕ್ಯದಲ್ಲಿ ಯಾವ ಗುಹೆಯೂ ಇರುವಂತಿಲ್ಲ. ನಮ್ಮ ಹೋಟೆಲಿನಾಕೆ ದಾರಿ ಹೇಳದೇ ಇದ್ದದ್ದು ಸೊಕ್ಕಿನಿಂದಲ್ಲ. ಅವಳಿಗೆ ಧ್ವನಿ ಕೊಟ್ಟ ನಟಿ ಸ್ಟುಡಿಯೋದಲ್ಲಿ ಮಾತಾಡುವಾಗ ಆ ಗುಹೆ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ.

(ಸ್ಕೈರಿಮ್‌ನಲ್ಲಿ ಕ್ಲೇರ್‌ವಾಯನ್ಸ್ ಅಂತ ಒಂದು ಮಂತ್ರ ಇದೆ. ಹಾಕಿದರೆ ನೆಲದ ಮೇಲೆ ನೀಲಿ ಹೊಗೆಯ ಗೆರೆ ಮೂಡಿ ದಾರಿ ತೋರಿಸುತ್ತದೆ. ಅಂದರೆ ಅಲ್ಲಿನ ಮಂತ್ರವಾದಿಗಳು ಜಿಪಿಎಸ್ ಕಂಡುಹಿಡಿದಿದ್ದಾರೆ, ದಾರಿ ಕೇಳುವುದನ್ನು ಮಾತ್ರ ಯಾರೂ ಕಂಡುಹಿಡಿದಿಲ್ಲ.)

ಇದೇ ತರಹ ಇನ್ನೊಂದು ಸರಪಳಿ ಗಾಳಿಯಲ್ಲಿ ತೇಲುವ ಮಂತ್ರದ್ದು. ಮಾರೋವಿಂಡ್‌ನಲ್ಲಿ ತೇಲಿ ಹೋಗಬಹುದು. ತೆಲ್ವಾನಿ ಅನ್ನುವ ಮಂತ್ರವಾದಿ ಮನೆತನದವರು ಅಣಬೆಯಿಂದ ಬೆಳೆಸಿದ ಗೋಪುರಗಳಲ್ಲಿ ಇರುತ್ತಾರೆ, ಮೇಲಿನ ಕೋಣೆಗೆ ಮೆಟ್ಟಿಲೇ ಇಲ್ಲ. ತೇಲೋಕೆ ಬಾರದವನು ನಮ್ಮನ್ನು ನೋಡೋಕೆ ಬರೋದು ಬೇಡ ಅಂತ! ಕಟ್ಟಡವೇ ಅಹಂಕಾರ ಮಾತಾಡುತ್ತದೆ. ಒಬ್ಲಿವಿಯನ್‌ನಲ್ಲಿ ನಗರಗಳು ಹೊರಗಿನ ಲೋಕದಿಂದ ಬೇರೆಯಾಗಿ ಲೋಡ್ ಆಗುತ್ತವೆ. ಗೋಡೆ ಹಾರಿ ಒಳಗೆ ಬಂದರೆ ಆಟ ಮುರಿಯುತ್ತದೆ. ಹಾಗಾಗಿ ತೇಲುವ ಮಂತ್ರವನ್ನೇ ತೆಗೆದರು. ಮೆಮೊರಿಯ ಮಿತಿಯಿಂದ ಒಂದು ಮಂತ್ರ ಹೋಯಿತು, ಮಂತ್ರದ ಜೊತೆ ಅಂಥ ಗೋಪುರ ಕಟ್ಟುವ ಸಾಧ್ಯತೆಯೂ ಹೋಯಿತು.

ಈಗ ನನ್ನ ಪಕ್ಷದ ತಪ್ಪುಗಳು. ಹಳೇದರಲ್ಲಿ ಎಲ್ಲವೂ ಚೆನ್ನಾಗಿತ್ತು ಅಂದರೆ ನಾನು ಸುಳ್ಳುಗಾರ.

ಮಾರೋವಿಂಡ್‌ನ ಹೊಡೆದಾಟ ಕೆಟ್ಟದಾಗಿದೆ. ಮೊದಲ ಸಲ ಆಡುವವರು ಅರ್ಧ ಗಂಟೆಯಲ್ಲಿ ಬಿಡುವುದು ಇದಕ್ಕೇ. ಎದುರಿಗಿರುವ ಪ್ರಾಣಿಗೆ ಚಾಕು ಬೀಸುತ್ತೀರಿ, ಚಾಕು ದೇಹದೊಳಗೆ ಹಾದು ಹೋದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಏಟು ಬಿದ್ದಿಲ್ಲ. ಯಾಕಂದರೆ ಒಳಗೆ ದಾಳ ಉರುಳುತ್ತಿದೆ. ಸೂತ್ರ ಹೀಗಿದೆ. ಆಯುಧದ ಕೌಶಲ, ಅದಕ್ಕೆ ಚುರುಕಿನ ಐದನೇ ಒಂದು ಭಾಗ, ಅದೃಷ್ಟದ ಹತ್ತನೇ ಒಂದು ಭಾಗ ಕೂಡಿಸಿ. ಬಂದದ್ದನ್ನು ದಣಿವಿನ ಅಂಶದಿಂದ ಗುಣಿಸಿ. ದಣಿವಿನ ಅಂಶ ಅಂದರೆ 0.75ಕ್ಕೆ, ಉಳಿದಿರುವ ಕಸುವಿನ ಪ್ರಮಾಣದ ಅರ್ಧ ಸೇರಿಸಿದ್ದು, ಅಂದರೆ ಪೂರ್ತಿ ಸುಸ್ತಾಗಿದ್ದರೆ 0.75, ಪೂರ್ತಿ ಕಸುವಿದ್ದರೆ 1.25. ಇದರಿಂದ ಎದುರಾಳಿ ತಪ್ಪಿಸಿಕೊಳ್ಳುವ ಅಂಕಿ ಕಳೆಯಿರಿ. ಸಿಕ್ಕಿದ್ದು ಏಟು ತಾಗುವ ಶೇಕಡಾ ಸಾಧ್ಯತೆ.

ಹೊಸಬನ ಕೌಶಲ 10, ಚುರುಕು 40, ಅದೃಷ್ಟ 40 ಇಟ್ಟುಕೊಳ್ಳಿ. 10 ಕೂಡಿಸು 8 ಕೂಡಿಸು 4, ಒಟ್ಟು 22. ಎದುರಾಳಿಯ ಚುರುಕು, ಅದೃಷ್ಟ ಎರಡೂ 20, ಸುಸ್ತಾಗಿಲ್ಲ ಅಂದರೆ ಅವನ ತಪ್ಪಿಸಿಕೊಳ್ಳುವ ಅಂಕಿ 7.5. ನೀವು ನಿಂತು ಸುಧಾರಿಸಿಕೊಂಡು ಹೊಡೆದರೆ 27.5ರಲ್ಲಿ 7.5 ಕಳೆದು 20, ಐದು ಬೀಸಿನಲ್ಲಿ ಒಂದು ತಾಗುತ್ತದೆ. ಓಡಿಬಂದು ಏದುಸಿರಿನಲ್ಲಿ ಹೊಡೆದರೆ 16.5ರಲ್ಲಿ 7.5 ಕಳೆದು 9, ಹನ್ನೊಂದರಲ್ಲಿ ಒಂದು! ಹೊಸಬರು ಮಾಡುವುದೇನು? ಎಲ್ಲಾ ಕಡೆ ಓಡುತ್ತಾರೆ, ಓಡಿದರೆ ಕಸುವು ಖಾಲಿಯಾಗುತ್ತದೆ, ಅದನ್ನು ಆಟ ಸರಿಯಾಗಿ ಹೇಳಿಕೊಡುವುದಿಲ್ಲ. ಕೌಶಲ 50ಕ್ಕೆ ಬಂದಾಗ ಅದೇ ಪಾತ್ರಕ್ಕೆ ಶೇಕಡಾ 70 ತಾಗುತ್ತದೆ. ಆ ಬದಲಾವಣೆ ಕೈಗೆ ಗೊತ್ತಾಗುತ್ತದೆ, ಅದರಲ್ಲಿ ಒಂದು ಸುಖ ಇದೆ ನಿಜ. ಆದರೂ ಮೇಜಿನ ಮೇಲಿನ ದಾಳದ ಲೆಕ್ಕವನ್ನು ಕಣ್ಣಿಗೆ ಕಾಣುವ ಮೂರು ಆಯಾಮದ ಚಾಕುವಿಗೆ ಅಂಟಿಸಿದ್ದು ಹೊಂದುವುದಿಲ್ಲ. ಒಬ್ಲಿವಿಯನ್‌ನಿಂದ ಮುಂದೆ ಬೀಸಿದ ಏಟು ತಾಗುತ್ತದೆ, ಕೌಶಲ ಹೆಚ್ಚಾದರೆ ಪೆಟ್ಟು ಜೋರಾಗುತ್ತದೆ. ಅದು ಸರಿಯಾದ ಬದಲಾವಣೆ. ಇದರ ಮೇಲೆ ನಾನು ಜಗಳ ಆಡಲ್ಲ.

ಇನ್ನು ದಾರಿ ಹೇಳುವುದರಲ್ಲೂ, ಕೆಲವು ಕಡೆ ಹೇಳಿದ ದಾರಿಯೇ ತಪ್ಪು. ಬರೆದವರು ದಿಕ್ಕು ಅದಲುಬದಲು ಮಾಡಿದ್ದಾರೆ. ಕ್ಲಿಫ್ ರೇಸರ್ ಅನ್ನುವ ಹಾರುವ ಪ್ರಾಣಿಗಳ ಬಗ್ಗೆ ಏನೂ ಬರೆಯುವುದಿಲ್ಲ, ಆಡಿದವರಿಗೆ ಗೊತ್ತು.

ಮಂಜಿನದು ಇನ್ನೂ ಸ್ವಾರಸ್ಯ. ಮಾರೋವಿಂಡ್‌ನಲ್ಲಿ ಸ್ವಲ್ಪ ದೂರದ ಆಚೆಗೆ ಎಲ್ಲಾ ಮಂಜು. ಆಗಿನ ಯಂತ್ರಗಳಿಗೆ ಅದಕ್ಕಿಂತ ದೂರ ತೋರಿಸುವ ಶಕ್ತಿ ಇರಲಿಲ್ಲ. (ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಮೆಮೊರಿ ಸಾಲದೇ ಬಂದಾಗ, ಲೋಡಿಂಗ್ ಪರದೆ ತೋರಿಸುತ್ತಾ ಆಟಗಾರನಿಗೆ ತಿಳಿಯದ ಹಾಗೆ ಯಂತ್ರವನ್ನೇ ರೀಬೂಟ್ ಮಾಡುತ್ತಿದ್ದೆವು ಅಂತ ಟಾಡ್ ಹೊವರ್ಡ್ ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಹೀಗೆ ಹೇಳಿದ್ದರೆ ಎಷ್ಟು ಮಾರ್ಕ್ಸ್ ಬರುತ್ತಿತ್ತೋ!) ನಾನು ಈಗ ಆಡುವುದು ಓಪನ್‌ಎಂಡಬ್ಲ್ಯೂನಲ್ಲಿ, ಅಂದರೆ ಅಭಿಮಾನಿಗಳು ಮೊದಲಿಂದ ಬರೆದ ಓಪನ್ ಸೋರ್ಸ್ ಎಂಜಿನ್‌ನಲ್ಲಿ. ಅದರಲ್ಲಿ ನೋಟದ ದೂರ ಹೆಚ್ಚಿಸಬಹುದು. ಹೆಚ್ಚಿಸಿದೆ. ಮಂಜು ಹೋಯಿತು, ಬೆಟ್ಟ ಕಂಡಿತು, ಸಮುದ್ರ ಕಂಡಿತು, ಒಂದು ನಿಮಿಷ ಖುಷಿಯಾಯಿತು. ಆಮೇಲೆ ಗೊತ್ತಾಯಿತು, ನಾನು ದಾರಿ ತಪ್ಪಿ ಒಂದು ಸಂಜೆಯಿಡೀ ಅಲೆದ ಕಂದರ ಊರಿಗೆ ಎಷ್ಟು ಹತ್ತಿರ ಇತ್ತು ಅಂತ. ಇಷ್ಟೇನಾ ಈ ದ್ವೀಪ ಅನ್ನಿಸಿತು. ದೊಡ್ಡದಾಗಿ ಕಾಣಿಸುತ್ತಿದ್ದದ್ದು ಮಂಜಿನಿಂದ ಮತ್ತು ನಿಧಾನದ ನಡಿಗೆಯಿಂದ. ಅಂದರೆ ನಾನು ಮೆಚ್ಚಿಕೊಂಡಿದ್ದರಲ್ಲಿ ಒಂದು ಪಾಲು ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ, ಯಂತ್ರದ ಬಡತನ. ಮಂಜನ್ನು ವಾಪಸ್ ಹಾಕಿಕೊಂಡೆ. ಇದು ಹಳಹಳಿಕೆಯೇ ಇರಬೇಕು, ಒಪ್ಪಿದೆ.

ಮಾರೋವಿಂಡ್ ಬಂದಾಗ ಅದರ ಹಿಂದಿನ ಡ್ಯಾಗರ್‌ಫಾಲ್ ಅಭಿಮಾನಿಗಳಿಗೂ ದೂರು ಇತ್ತು. ಡ್ಯಾಗರ್‌ಫಾಲ್‌ನ ಲೋಕವನ್ನು ಗ್ರೇಟ್ ಬ್ರಿಟನ್ ಜೊತೆ ಹೋಲಿಸುತ್ತಾರೆ, ಸಾವಿರಾರು ಊರುಗಳು, ಬಹುಪಾಲು ಪ್ರೋಗ್ರಾಂ ಉತ್ಪಾದಿಸಿದ್ದು. ಅದರ ಮುಂದೆ ಮಾರೋವಿಂಡ್ ಒಂದು ದ್ವೀಪ. ಸರಣಿಯನ್ನು ಚಿಕ್ಕದು ಮಾಡಿದರು ಅಂತ ಆಗಲೂ ಬೈದರು. 2009ರಲ್ಲಿ ಡ್ಯಾಗರ್‌ಫಾಲ್ ಅನ್ನು ಕಂಪನಿ ಉಚಿತವಾಗಿ ಬಿಟ್ಟಿತು, ನಾನೂ ಇಳಿಸಿ ಆಡಿದೆ. ಊರುಗಳು ಒಂದರ ಹಾಗೇ ಇನ್ನೊಂದು. ನನಗೆ ಬೇಜಾರಾಯಿತು. ಆದರೆ ಅದನ್ನು ಪ್ರೀತಿಸುವವರಿಗೆ ನನ್ನ ಮಾರೋವಿಂಡ್, ನನಗೆ ಸ್ಕೈರಿಮ್ ಕಾಣುವ ಹಾಗೇ ಕಾಣುತ್ತಿರಬಹುದು. ರೂಮ್‌ಮೇಟ್ ಇದನ್ನು ಓದಿದರೆ ಈ ಪ್ಯಾರಾವನ್ನೇ ಹಿಡಿದುಕೊಳ್ಳುತ್ತಾನೆ.

ಹಳಹಳಿಕೆ ಅಂತ ತಳ್ಳಿಹಾಕಲಾಗದ ಇನ್ನೊಂದು ವಿಷಯ ಇದೆ, ಆಟ ನಿಮಗೆ "ಆಗಲ್ಲ" ಅನ್ನುವುದು. ಮಾರೋವಿಂಡ್‌ನ ಮಂತ್ರವಾದಿಗಳ ಸಂಘದಲ್ಲಿ ಮೇಲಿನ ಹುದ್ದೆಗೆ ಹೋಗಬೇಕಾದರೆ ಮಂತ್ರವಿದ್ಯೆಯ ಕೌಶಲ ಇಂತಿಷ್ಟು ಇರಲೇಬೇಕು. ಮೂರು ದೊಡ್ಡ ಮನೆತನಗಳಲ್ಲಿ ಒಂದನ್ನು ಸೇರಿದರೆ ಇನ್ನೆರಡರ ಬಾಗಿಲು ಮುಚ್ಚಿತು. ಸ್ಕೈರಿಮ್‌ನಲ್ಲಿ ನನ್ನ ರೂಮ್‌ಮೇಟ್ ಕೊಡಲಿ ಹಿಡಿದುಕೊಂಡೇ ಮಂತ್ರವಾದಿಗಳ ಕಾಲೇಜಿನ ಮುಖ್ಯಸ್ಥನಾದ. ಬಾಗಿಲಲ್ಲಿ ಒಂದು ಮಂತ್ರ ಹಾಕಿ ತೋರಿಸಿದ್ದಷ್ಟೇ. ಅಟೆಂಡೆನ್ಸ್ ಇಲ್ಲದೇ ಪ್ರಿನ್ಸಿಪಾಲ್ ಆದ ಹಾಗೆ. ಮಾರೋವಿಂಡ್‌ನಲ್ಲಿ ನೀವು ಕಾಯಸ್‌ನನ್ನೇ ಕೊಲ್ಲಬಹುದು. ಕೊಂದರೆ, ಭವಿಷ್ಯವಾಣಿಯ ಎಳೆ ಕಡಿಯಿತು, ಹಳೇ ಸೇವ್‌ಗೆ ಹೋಗು ಅಥವಾ ಕೆಟ್ಟುಹೋದ ಈ ಲೋಕದಲ್ಲೇ ಮುಂದುವರಿ ಅನ್ನುವ ಅರ್ಥದ ಸಂದೇಶ ಬರುತ್ತದೆ. ಮುಂದುವರಿದರೂ ಕಥೆ ಮುಗಿಸಲು ಒಂದು ಹಿತ್ತಿಲ ದಾರಿ ಇದೆ. ಸ್ಕೈರಿಮ್‌ನಲ್ಲಿ ಮುಖ್ಯ ಜನ ಸಾಯುವುದೇ ಇಲ್ಲ, ಮಂಡಿಯೂರಿ ಕೂತು, ಸ್ವಲ್ಪ ಹೊತ್ತಿಗೆ ಎದ್ದು ಬರುತ್ತಾರೆ.

ಒಬ್ಲಿವಿಯನ್‌ನಲ್ಲಂತೂ ಲೋಕವೇ ನಿಮ್ಮ ಮಟ್ಟಕ್ಕೆ ತಕ್ಕಂತೆ ಏರುತ್ತದೆ. ನೀವು ಬಲಶಾಲಿಯಾದ ಹಾಗೆ ದಾರಿಯ ಕಳ್ಳರೂ ದುಬಾರಿ ಗಾಜಿನ ಕವಚ ಹಾಕಿಕೊಂಡು ಬರುತ್ತಾರೆ, ಬಂದು 100 ನಾಣ್ಯ ಕೊಡು ಅನ್ನುತ್ತಾರೆ. ಆ ಕವಚ ಮಾರಿದ್ದರೆ ಅವನೇ ಆರಾಮಾಗಿ ಬದುಕಬಹುದಿತ್ತು. 2025ರ ಏಪ್ರಿಲ್‌ನಲ್ಲಿ ಇದೇ ಒಬ್ಲಿವಿಯನ್ ಹೊಸ ಗ್ರಾಫಿಕ್ಸ್‌ನಲ್ಲಿ ಮತ್ತೆ ಬಂತು, ರೂಮ್‌ಮೇಟ್ ಬಿಡುಗಡೆಯ ದಿನವೇ ಡೌನ್‌ಲೋಡ್‌ಗೆ ಹಾಕಿ ಹಾಸ್ಟೆಲ್ ವೈಫೈ ಕುಸಿಯುವ ಹಾಗೆ ಮಾಡಿದ. ಓಡುವ ಬಟನ್ ಸೇರಿಸಿದ್ದಾರೆ, ಮಟ್ಟ ಏರುವ ಲೆಕ್ಕ ತಿದ್ದಿದ್ದಾರೆ. ಬಾಣ ಇದ್ದ ಹಾಗೇ ಇದೆ. ಹಳಹಳಿಕೆಗೂ ಒಳ್ಳೆಯ ಮಾರುಕಟ್ಟೆ ಇದೆ ಅಂತ ಅವನೇ ತೋರಿಸಿದ, ನಾನು ಏನೂ ಹೇಳಲಿಲ್ಲ.

ದಾರಿ ಮಾತಿಗೆ ವಾಪಸ್ ಬರಲು ಸಾಧ್ಯವೇ ಇಲ್ಲವಾ? ಇದೆ. 2018ರ ಅಸಾಸಿನ್ಸ್ ಕ್ರೀಡ್ ಒಡಿಸ್ಸಿ ಅಪ್ಪಟ ಜನಪ್ರಿಯ ಆಟ, ಅದರಲ್ಲಿ ಎಕ್ಸ್‌ಪ್ಲೊರೇಷನ್ ಮೋಡ್ ಅಂತ ಕೊಟ್ಟರು. ಗುರುತಿನ ಬದಲು ಈ ಪ್ರಾಂತ್ಯದ ದಕ್ಷಿಣಕ್ಕೆ, ಇಂಥ ಜಾಗದ ಪಶ್ಚಿಮಕ್ಕೆ ಅಂತ ಸುಳಿವು ಬರುತ್ತದೆ. ಇದು ನಡೆಯುವುದು ಯಾಕೆ ಅಂದರೆ ಬಾಣ ಆಫ್ ಮಾಡುವ ಬಟನ್ ಕೊಟ್ಟು ಕೈತೊಳೆದುಕೊಳ್ಳದೆ, ಸುಳಿವುಗಳನ್ನೂ ಕೂತು ಬರೆದರು. 2022ರ ಎಲ್ಡನ್ ರಿಂಗ್‌ನಲ್ಲಿ ಕೆಲಸಗಳ ಪಟ್ಟಿಯೇ ಇಲ್ಲ, ಯಾರು ಏನು ಹೇಳಿದರು ಅಂತ ನೀವೇ ನೆನಪಿಟ್ಟುಕೊಳ್ಳಬೇಕು, ಆದರೂ ಕೋಟಿಗಟ್ಟಲೆ ಜನ ಕೊಂಡರು. ಹಾಗಾಗಿ ಜನರಿಗೆ ತಾಳ್ಮೆ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಲೇಖನ ಬರೆಯುವ ಮೊದಲು ಅಣ್ಣನಿಗೆ ಅವನ ನೋಟ್‌ಬುಕ್‌ನ ಪುಟದ ಫೋಟೋ ಕಳಿಸಿದ್ದೆ. ಅವನಿಗೆ ಈಗ ಒಂದು ಮಗು ಇದೆ, ಗೇಮ್ ಆಡಿ ವರ್ಷಗಳಾದವು, ಎಷ್ಟೋ ಸಲ ನನ್ನ ಮೆಸೇಜ್‌ಗೆ ಎರಡು ದಿನ ಬಿಟ್ಟು ಉತ್ತರ ಬರುತ್ತದೆ. ಇದಕ್ಕೆ ಐದು ನಿಮಿಷದಲ್ಲಿ ಬಂತು. ಆ ಪುಟದಲ್ಲಿ ಬಲಗಡೆ ಅಂತ ಬರೆದಿದ್ದು ತಪ್ಪು, ಸೇತುವೆ ಆದಮೇಲೆ ಆಗ್ನೇಯಕ್ಕೆ ಅಂತ ಬರೀಬೇಕಿತ್ತು, ಬಲಗಡೆ ಅನ್ನೋದು ನೀನು ಯಾವ ಕಡೆ ಮುಖ ಮಾಡಿದೀಯ ಅನ್ನೋದರ ಮೇಲೆ ಹೋಗುತ್ತೆ ಅಂತ. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಅವನು ಹೋದಮೇಲೆ ನಾವು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ರೂಮ್‌ಮೇಟ್ ಈಗ ಮಾರೋವಿಂಡ್ ಶುರು ಮಾಡಿದ್ದಾನೆ, ಸೋತ ಪಣದ ಲೆಕ್ಕಕ್ಕೆ. ಓಡಬೇಡ ಅಂತ ಹೇಳಿದ್ದೇನೆ, ಓಡುತ್ತಾನೆ, ಏಡಿಗಳ ಕೈಲಿ ಸಾಯುತ್ತಾನೆ. ನೋಟ್‌ಬುಕ್ ಮಾತ್ರ ಒಂದು ಹೊಸದು ತಂದಿಟ್ಟುಕೊಂಡಿದ್ದಾನೆ. ನಿನ್ನೆ ರಾತ್ರಿ ಆರ್ಕಂಗ್ತಾಂಡ್ ಬಾಗಿಲ ಮುಂದೆ ನಿಂತು, "ಇದು ತೆಗೀತಾನೇ ಇಲ್ಲ, ಬಗ್ ಇದೆ ಕಣೋ" ಅಂದ. ನಾನು ಸಿಗ್ನಲ್ಸ್ ಅಸೈನ್‌ಮೆಂಟ್ ಬರೀತಾ ಇದ್ದೆ, ಏನೂ ಹೇಳಲಿಲ್ಲ.